ಅಂಟಿಸದ ಗೊಂಬೆ

ಬಿಳಿ ಸೇವಂತಿಗೆಗಳನ್ನು ಸರಿಸಿ, ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ತೋಳಸಂದಿಗೆ ತೊಕಿಯೆ ಅಂಗೈಯಗಲದ ಆಟಿಕೆ ಯುದ್ಧಟ್ಯಾಂಕೊಂದನ್ನು ತೂರಿಸುತ್ತಿದ್ದಳು. ಚಿತಾಗಾರದ ನೌಕರ ತಲೆಬಾಗಿ ಅಡ್ಡಬಂದ.

“ಕ್ಷಮಿಸಿ ಅಜ್ಜೀ, ಪ್ಲಾಸ್ಟಿಕ್ ಹಾಕೋ ಹಾಗಿಲ್ಲ. ಕರಗಿ ಮೂಳೆಗೆ ಮೆತ್ಕೊಳ್ಳುತ್ತೆ. ಆಮೇಲೆ ಕಡ್ಡಿ ಹಿಡಿದು ಮೂಳೆ ಎತ್ಕೊಳ್ಳೋರು ನೀವೇ ಅಲ್ವಾ?”

“ಮಾತು ಕೊಟ್ಟಿದ್ದೀನಪ್ಪಾ! ‘ಅಪ್ಪನ್ನ ನನ್ನ ಜೊತೆ ಕಳಿಸು’ ಅಂತ ಕೈ ಹಿಡ್ಕೊಂಡು ಕೇಳಿದ್ರು ಇವರು.”

“ಬಿಡಮ್ಮಾ, ಜನ ನೋಡ್ತಿದ್ದಾರೆ,” ಮಗಳು ಮಿಸಾವೊ ಪಿಸುಗುಟ್ಟಿದಳು.

“ನೋಡ್ಲಿ! ಜನ್ಮವಿಡೀ ಇವರ ಬಣ್ಣದ ವಾಸನೆ ಕುಡಿದಿದ್ದೀನಿ. ಇಷ್ಟೂ ಮಾಡಬಾರದಾ?”

ಎಂಥ ಹಟಮಾರಿ ಹೆಂಗಸು! ಟ್ಯಾಂಕನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.

*

ತೊಕಿಯೆಯ ಗಂಡ ಯಾಸುಜಿ ಶಿಜುವೊಕಾ ಊರಿನ ಆಟಿಕೆ ಕಾರ್ಖಾನೆಯೊಂದರಲ್ಲಿ ಅಚ್ಚು ಉಜ್ಜುತ್ತಿದ್ದವನು. ಅವನು ಕೂಸಾಗಿದ್ದಾಗಲೇ ಅಪ್ಪ ಯುದ್ಧಕ್ಕೆ ಹೋಗಿ, ಲೂಜಾನ್ ದ್ವೀಪದಲ್ಲಿ ಟ್ಯಾಂಕಿನೊಳಗೇ ಸುಟ್ಟುಹೋಗಿದ್ದ. ಅಸ್ಥಿಯೆಂದು ಮನೆಗೆ ಬಂದ ಬಿಳಿ ಪೆಟ್ಟಿಗೆಯಲ್ಲಿ ಮೂಳೆಯ ಚೂರೂ ಇರಲಿಲ್ಲ. ಒಂದು ಕಲ್ಲಿತ್ತು, ಅಷ್ಟೇ. ಉಳಿದದ್ದು ಒಂದು ಫೋಟೊ. ಅದರಲ್ಲಿ ಅಪ್ಪ ಟ್ಯಾಂಕಿನ ಮುಚ್ಚಳ ತೆರೆದು, ಎದೆಮಟ್ಟ ಹೊರಗೆ ನಿಂತು ನಗುತ್ತಿದ್ದ.

ಆ ಫೋಟೊ ನೋಡಿಕೊಂಡೇ ಯಾಸುಜಿ ಅಂಥದೇ ಪುಟ್ಟ ಟ್ಯಾಂಕೊಂದನ್ನು ಜೋಡಿಸುತ್ತಾ ತನ್ನ ಭಾನುವಾರಗಳನ್ನೆಲ್ಲ ಕಳೆದ. ಸಾಸಿವೆಯಂಥ ರಿವೆಟ್ಟು, ಚಕ್ರದ ಪಟ್ಟಿಗೆ ಮೆತ್ತಿ ಒಣಗಿದ ಕೆಸರು, ಕೊಳವೆಯ ಮೇಲಿನ ತುಕ್ಕು, ಒಂದನ್ನೂ ಬಿಡಲಿಲ್ಲ ಪುಣ್ಯಾತ್ಮ. ಪಕ್ಕದಲ್ಲಿ ತೊಕಿಯೆ ಕಿತ್ತಳೆ ಸುಲಿಯುತ್ತಾ ತೂಕಡಿಸುವಳು. ಅರೆನಿದ್ದೆಯಲ್ಲಿ ಟ್ಯಾಂಕು ಸದ್ದಿಲ್ಲದೆ ಚಾಪೆಯ ಮೇಲೆ ಹರಿದು, ಸಿಪ್ಪೆಗಳನ್ನು ದಾಟಿ, ಚಹಾತೋಟದ ಮಂಜಿನೊಳಕ್ಕೆ ಹೋಗುವುದು. ಮೇಲೆ ನಿಂತ ಮಾವ ತನಗೇ ಕೈ ಬೀಸಿದಂತೆ ಕಾಣುವುದು.

ಧೂಳು ಒರೆಸಿದಾಗಲೆಲ್ಲ ಮುಚ್ಚಳದಲ್ಲಿ ನಿಲ್ಲಿಸಿದ್ದ ಮಾವನ ಪುಟ್ಟ ಗೊಂಬೆ ಉದುರಿ ಬೀಳುತ್ತಿತ್ತು. ಕೊನೆಗೆ ಅವಳು ಕೆಳಗೊಂದು ಅಂಗೈ ಒಡ್ಡಿಕೊಂಡೇ ಒರೆಸುವುದನ್ನು ಕಲಿತಳು.

“ಟ್ಯಾಂಕಿಗೆಲ್ಲ ಅಂಟು ಸುರೀತೀರಿ, ಮಾವನಿಗೆ ಒಂದು ತೊಟ್ಟು ಇಲ್ವಾ? ಎಂಥ ಜಿಪುಣತನಾರೀ!”

“ಅಂಟಿಸಿಬಿಟ್ರೆ ಅಪ್ಪ ಇಳಿಯೋದು ಹೇಗೆ ಕಣೇ?”

*

ಯಾಸುಜಿಯ ಗೆಳೆಯ ಕುರಾಮೊಚಿಗೂ ಅದೇ ಹುಚ್ಚು. ಅವನು ಚಿತಾಗಾರದಲ್ಲಿ ನೆರೆದ ಜನರ ನಡುವಿಂದ ಮುಂದೆ ಬಂದ.

“ಅತ್ತಿಗೇ, ಟ್ಯಾಂಕ್ ಮಾತ್ರ ಪ್ಲಾಸ್ಟಿಕ್ಕು, ಗೊಂಬೆ ಪ್ಲಾಸ್ಟಿಕ್ಕಲ್ಲ. ಟ್ಯಾಂಕಿನ ಡಬ್ಬಿಯಲ್ಲಿ ಬಂದ ಗೊಂಬೆಗೆ ಅಪ್ಪನ ಮುಖ ಇಲ್ಲ ಅಂತ ಇವನು ಊಟದ ಕಡ್ಡಿ ಕೆತ್ತಿ ಮಾಡಿದ. ಬರೀ ಮರ ಅದು. ಸುಡುತ್ತೆ.”

ತೊಕಿಯೆ ಬೆಚ್ಚಿದಳು. “ಇನ್ನೊಂದ್ಸಲ ಸುಡೋದಾ ಅವರನ್ನ?”

“ಈ ಸಲ ಟ್ಯಾಂಕಲ್ಲಿ ಅಲ್ವಲ್ಲ, ಮಗನ ಕೈಯಲ್ಲಿ.”

ನೌಕರ ಆಗಲಿ ಎಂದು ತಲೆಯಾಡಿಸಿದ. ತೊಕಿಯೆ ಟ್ಯಾಂಕನ್ನು ವಾಲಿಸಿದಳು. ಗೊಂಬೆ ಎಂದಿನಂತೆ ಅವಳ ಅಂಗೈಗೆ ಉದುರಿತು. ಅದನ್ನು ಗಂಡನ ತಣ್ಣನೆಯ ಬೆರಳುಗಳೊಳಗೆ ಇಟ್ಟಳು.

“ಇಳಿದ್ರು ಕಣ್ರೀ,” ಎಂದವಳೇ ಗೊಳೋ ಎಂದು ಅತ್ತುಬಿಟ್ಟಳು.

ಮೂಳೆ ಎತ್ತುವಾಗ ಯಾವ ಬೂದಿ ಯಾರದೋ ತಿಳಿಯಲಿಲ್ಲ. ಎರಡೂ ಒಂದೇ ಕುಡಿಕೆಗೆ ಹೋದವು.

ಸಂಜೆ ಮನೆಗೆ ಬಂದು ತೊಕಿಯೆ ಬಟ್ಟೆ ತೆಗೆದುಕೊಂಡು ಟ್ಯಾಂಕನ್ನು ಒರೆಸಿದಳು. ಮುಚ್ಚಳ ತೆರೆದೇ ಇತ್ತು. ಎಡಗೈ ತನ್ನಷ್ಟಕ್ಕೆ ಕೆಳಗೆ ಹೋಗಿ ಅಂಗೈ ಒಡ್ಡಿತು. ಒರೆಸಿ ಮುಗಿದ ಮೇಲೂ ಅವಳು ಅದನ್ನು ಹಾಗೆಯೇ ಹಿಡಿದಿದ್ದಳು. ಏನೂ ಬೀಳಲಿಲ್ಲ.