ಇಸ್ತ್ರಿಪೆಟ್ಟಿಗೆಯ ಪ್ಲಗ್ಗು

ಮದುವೆಯ ಬಿಳಿ ಗೌನಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಹೊರಗೆ ಹೋದವನು ಅಣ್ಣ, ಬೈಸಿಕೊಂಡವನು ತಮ್ಮ. ಇಬ್ಬರದೂ ಒಂದೇ ಟೈಲರ್ ಅಂಗಡಿ. ಗೌನು ಸುಟ್ಟಿತೆಂದು ಮದುಮಗಳ ತಾಯಿ ಕೂಗಾಡುತ್ತ ಬಂದಾಗ, "ನನ್ನ ತಮ್ಮ ಮರೆತುಬಿಟ್ಟಿದಾನಮ್ಮಾ" ಎಂಬ ಮಾತು ಅಣ್ಣನ ಬಾಯಿಂದ ಸಲೀಸಾಗಿ ಜಾರಿತ್ತು. ತಮ್ಮ ಮೊದಲೇ ಮರೆಗುಳಿ. ತಾನೇ ಮರೆತಿರಬೇಕೆಂದು ನಂಬಿ ತಲೆ ತಗ್ಗಿಸಿದ್ದ.

ಅಂದಿನಿಂದ ಅಣ್ಣನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಹೇಳುವಾಗ ಇವನದೇ ದೊಡ್ಡ ಗಂಟಲು. "ನಾವು ಪಾಪಿಗಳು" ಎನ್ನುವುದಕ್ಕೇನು ಕಷ್ಟ? ಆ ಇನ್ನೂರು ಜನರ ನಡುವೆ ಅಡಗಿಕೊಳ್ಳಲು ಬೇಕಾದಷ್ಟು ಜಾಗವಿತ್ತು.

ಆದರೆ ಆ ಪ್ಲಗ್ಗು ಅವನನ್ನು ಬಿಡಲಿಲ್ಲ. ಸಂಜೆ ಅಂಗಡಿ ಮುಚ್ಚುವ ಮುನ್ನ ಪ್ಲಗ್ಗು ಕಿತ್ತಿದೆಯೇ ಎಂದು ತಮ್ಮ ಮುಟ್ಟಿ ನೋಡುತ್ತಿದ್ದ. ಬೀಗ ಹಾಕಿದ ಮೇಲೂ ಅನುಮಾನ ಬಂದು, ಬಾಗಿಲು ತೆಗೆದು ಮತ್ತೆ ಮುಟ್ಟುತ್ತಿದ್ದ. ಇವತ್ತು ಅವನು ಮೂರನೆಯ ಸಲ ಬೀಗಕ್ಕೆ ಕೈ ಹಾಕಿದಾಗ ಅಣ್ಣನಿಗೆ ತಡೆಯಲಾಗಲಿಲ್ಲ.

"ಸಾಕು ಬಿಡೋ! ಅವತ್ತು ನೀನು ಆಫ್ ಮಾಡೇ ಹೋಗಿದ್ದೆ. ಆಮೇಲೆ ಹಾಕಿ ಮರೆತೋನು ನಾನು. ನಾಳೆ ಆಯಮ್ಮನ ಮನೆಗೆ ಹೋಗಿ ನಾನೇ ಹೇಳ್ತೀನಿ."

ತಮ್ಮ ಬೀಗ ಹಿಡಿದುಕೊಂಡೇ ನಿಂತ. ಕೆನ್ನೆಗೆ ಬಾರಿಸಿದ್ದರೂ ಅಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಲ್ಲಣ್ಣಾ," ಎಂದ ಮೆಲ್ಲಗೆ, "ಹದಿನೈದು ದಿನದಿಂದ ನಾನು ಮಂಡಿಯೂರಿ ದೇವರ ಹತ್ರ ಕ್ಷಮೆ ಕೇಳ್ತಿದ್ದಿದ್ದು ನಿನ್ನ ಪಾಪಕ್ಕಾ?"