ಅರವತ್ತು ಕಿಲೋ

"ಚೀಲಕ್ಕ ಎಲ್ಡು ಕಿಲೋ ಕಳದೀಯಲ್ಲವ್ವಾ? ಅಂಗಡಿ ರೂಢಿ ಚೊಲೋ ಕಲ್ತಿ ಬಿಡು," ಎಂದ ಮಾವ ಜಂಬಣ್ಣ, ಶಾಂಭವಿಯ ಕಂಪ್ಯೂಟರಿನೊಳಗೆ ಇಣುಕಿ. ಮೆಕ್ಕೆಜೋಳದ ವ್ಯಾಪಾರಿ; ತೂಕ ಎಲ್ಲಿ ಕಂಡರೂ ಅವನ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಶಾಂಭವಿ ಆಗಲೇ ಕಳಿಸಿದ್ದ ತೂಕದ ಪಟ್ಟಿ ತೆರೆಯ ಮೇಲೆ ಹಾಗೇ ಇತ್ತು. ಹರಪನಹಳ್ಳಿಯ ಅಂಗಡಿಯ ಮಹಡಿಯಲ್ಲಿ ಕೂತು ಅವಳು ಪಪುವಾ ನ್ಯೂಗಿನಿಯ ಒಂದು ಪುಟ್ಟ ಸೇವಾಸಂಸ್ಥೆಯ ಕಚೇರಿ ಕೆಲಸ ನೋಡುತ್ತಿದ್ದಳು. ಅವರಿಗಿದ್ದದ್ದು ಒಂದೇ ವಿಮಾನ. ರಸ್ತೆಯಿಲ್ಲದ ಗುಡ್ಡದೂರುಗಳಿಂದ ರೋಗಿಗಳನ್ನೂ ಕಾಫಿ ಚೀಲಗಳನ್ನೂ ಪೇಟೆಗೆ ತರುತ್ತಿತ್ತು. ಅಲ್ಲಿಂದ ತಕ್ಕಡಿಯ ಫೋಟೊ ಬಂದರೆ ಇವಳು ಪೈಲಟ್‌ಗಾಗಿ ವಿಮಾನದ ಹೊರೆಯ ತೂಕದ ಪಟ್ಟಿ ಮಾಡಿ ಕಳಿಸಬೇಕು. ಚೀಲದ್ದೊಂದು ಕಿಲೋ, ತೇವದ್ದೊಂದು ಕಿಲೋ ಬಿಟ್ಟು ಬರೆಯುವುದನ್ನು ಮದುವೆಯಾದ ಹೊಸದರಲ್ಲಿ ಕೆಳಗಿನ ಅಂಗಡಿಯಲ್ಲೇ ಕಲಿತಿದ್ದಳು. ಎಂಟು ತಿಂಗಳಿಂದ ಇಲ್ಲೂ ಹಾಗೇ ಬರೆಯುತ್ತ ಬಂದಿದ್ದಳು, ಒಮ್ಮೆಯೂ ಯೋಚಿಸದೆ.

"ಮಾವಾ, ಇಲ್ಲಿ ಕಳೀಬಾರ್ದಿತ್ರಿ. ಚೀಲಾನೂ ತ್ಯಾವಾನೂ ವಿಮಾನಾನ ಹೊರಬೇಕಲ್ರಿ."

"ಎಲ್ಡು ಕಿಲೋಕ್ಕ ಏನಾಕ್ಕತಿ?"

"ಮೂವತ್ತು ಚೀಲ ಅದಾವ್ರಿ."

ಜಂಬಣ್ಣ ಮನಸ್ಸಿನಲ್ಲೇ ಗುಣಿಸಿದ. ಅರವತ್ತು, ಒಬ್ಬ ಆಳಿನ ತೂಕ.

ಇವತ್ತಿನ ಪಟ್ಟಿ ಕಳಿಸಿ ಆಗಲೇ ಹತ್ತು ನಿಮಿಷವಾಗಿತ್ತು. ಅಲ್ಲಿ ವಿಮಾನ ಓಡುವ ಹುಲ್ಲುಹಾಸು ಪ್ರಪಾತದ ಅಂಚಿಗೆ ಮುಗಿಯುತ್ತದೆ. ಶಾಂಭವಿ ಎದ್ದು ನಿಂತು, ಅಲ್ಲಿಯ ಮುಖ್ಯಸ್ಥೆ ರೂತ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರೂತ್ ರೇಡಿಯೊದಲ್ಲಿ ಪೈಲಟನ್ನು ಕೂಗುವುದು ಕೇಳಿಸಿತು. ಮೂರು ಸಲ ಉತ್ತರವಿಲ್ಲ. ನಾಲ್ಕನೆಯ ಸಲಕ್ಕೆ, ಇನ್ನೂ ಹೊರಟಿಲ್ಲ, ಇಂಜಿನ್ ಆರಿಸಿದ್ದೇನೆ ಎಂಬ ದನಿ ಬಂತು. ಶಾಂಭವಿ ಕುರ್ಚಿ ಎಳೆದು ಕೂತಳು.

ರೂತ್ ರೇಡಿಯೊ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಹಾಗಾದರೆ ಟೋಬಿ ಹೇಳಿದ್ದು ನಿಜ," ಎಂದಳು. "ವಿಮಾನ ಭಾರ ಅನ್ನಿಸುತ್ತದೆ, ಏಳುತ್ತಿಲ್ಲ ಅಂತ ದಿನಾ ಹೇಳುತ್ತಿದ್ದ. ನಾವು ಅವನ ಕೈ ಸೋತಿದೆ ಅಂದುಕೊಂಡೆವು."

ಇಪ್ಪತ್ತು ವರ್ಷ ಅದೇ ವಿಮಾನ ಹಾರಿಸಿದ ಟೋಬಿಯನ್ನು ಹೋದ ತಿಂಗಳಷ್ಟೇ ಮನೆಗೆ ಕಳಿಸಿದ್ದರು. ನಿಮಗೆ ವಯಸ್ಸಾಯಿತು, ಇನ್ನು ವಿಶ್ರಾಂತಿ ಪಡೆಯಿರಿ ಎಂಬ ಪತ್ರವನ್ನು ಮರ್ಯಾದೆಯ ಮಾತು ಹುಡುಕಿ ಹುಡುಕಿ ಬರೆದವಳು ಶಾಂಭವಿಯೇ. ಅದನ್ನು ಮಾವನಿಗೆ ಹೇಳುತ್ತಲೇ ಅವಳು ಟೋಬಿಯ ನಂಬರು ಹುಡುಕತೊಡಗಿದಳು.

"ಅವ್ರ ಕೂಡ ನಾಳಿ ಮಾತಾಡಿದ್ರಾತು. ಮೊದ್ಲು ನೀರು ಕುಡಿ," ಎಂದ ಜಂಬಣ್ಣ ಮೆಲ್ಲಗೆ.

"ಬ್ಯಾಡ್ರಿ ಮಾವಾ."

ಅವಳು ಟೋಬಿಯ ನಂಬರು ಒತ್ತಿದಳು. ಎರಡನೇ ರಿಂಗಿಗೇ ಎತ್ತಿದ. ಹಲೋ ಎಂದ ದನಿಯಲ್ಲಿ ಮುಪ್ಪಿನ ಸುಳಿವೇ ಇರಲಿಲ್ಲ.