ಹುಂಜ ಕೂಗದ ಓಣಿ

ಜೋನಲಿನ್ ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಫ್ಯಾನು ಇತ್ತು, ತಿರುಗುತ್ತಿರಲಿಲ್ಲ. ಕೆಟ್ಟಿರಲಿಲ್ಲ. ಅದರ ಸದ್ದು ಮೈಕಿನಲ್ಲಿ ಕೇಳುತ್ತದೆಂದು ಅವಳೇ ಹಾಕುತ್ತಿರಲಿಲ್ಲ. ಏಪ್ರಿಲ್ ಬಿಸಿಲಿಗೆ ತಲೆಯ ಮೇಲಿನ ತಗಡು ಕಾಯುತ್ತಿತ್ತು. ಸದ್ದು ತಡೆಯಲೆಂದು ಗೋಡೆಗೆ ಬಡಿದ ಮೊಟ್ಟೆಯ ಟ್ರೇಗಳೂ ಬಿಸಿಯಾಗುತ್ತಿದ್ದವು. ಕೊರಳಿಗೆ ಒದ್ದೆ ಟವೆಲು ಸುತ್ತಿಕೊಂಡು ಅವಳು ಬೆಳಿಗ್ಗೆ ಆರರಿಂದ ಎರಡರವರೆಗೆ ಆಸ್ಟ್ರೇಲಿಯಾದ ಒಂದು ಗಾಲಿಕುರ್ಚಿ ರಿಪೇರಿ ಅಂಗಡಿಯ ಫೋನು ಎತ್ತುತ್ತಿದ್ದಳು. “ಜೂಲಿ ಮಾತಾಡ್ತಿದ್ದೀನಿ” ಅನ್ನುತ್ತಿದ್ದಳು. ಆ ಹೆಸರು ಯಜಮಾನ ಸರ್ ಗ್ರಾಂಟ್ ಇಟ್ಟದ್ದು. ಜೂಲಿ ತಮ್ಮೂರಿನ ಅಂಗಡಿಯ ಒಳಕೋಣೆಯಲ್ಲೇ ಕೂತಿದ್ದಾಳೆಂದು ಅಲ್ಲಿನ ಮುದುಕರು ನಂಬಿದ್ದರು.

ಇದಕ್ಕೆ ವರ್ಚುವಲ್ ಅಸಿಸ್ಟೆಂಟ್ ಕೆಲಸ ಅನ್ನುತ್ತಾರೆ. ಫಿಲಿಪ್ಪೀನ್ಸಿನ ನಮ್ಮ ಇಲೋಇಲೋ ಊರಿನಲ್ಲಿ ಓಣಿಗೊಬ್ಬರಾದರೂ ಇದ್ದಾರೆ. ಜೋನಲಿನ್ ನನ್ನ ಹಳೆಯ ವಿದ್ಯಾರ್ಥಿನಿ, ಎದುರು ಮನೆಯವಳು. ಗಂಡ ಬಿಟ್ಟುಹೋದಾಗ ಮಗಳು ಬಿಯಾಗೆ ಎರಡು ವರ್ಷ. ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋಗಲು ಕಾಗದಪತ್ರವನ್ನೆಲ್ಲ ಮಾಡಿಸಿದ್ದಳು. ಅಷ್ಟರಲ್ಲಿ ಈ ಕೆಲಸ ಸಿಕ್ಕಿತು. ಕಾಗದಗಳು ಬೀರು ಸೇರಿದವು.

“ನಮ್ಮಮ್ಮ ಕುವೈತಿನಿಂದ ಫೋನಿನಲ್ಲೇ ನನ್ನ ಸಾಕಿದ್ಲು ಮೇಡಂ. ನಾನು ಹಾಗೆ ಮಾಡಲ್ಲ,” ಅಂದಿದ್ದಳು.

ತೊಡಕು ಒಂದೇ. ನಮ್ಮಲ್ಲಿ ಹುಂಜವಿಲ್ಲದ ಅಂಗಳವಿಲ್ಲ. ಕೆಲಸಕ್ಕೆ ಸೇರಿದ ಮೂರನೇ ದಿನ ಫೋನಿನಲ್ಲಿ ಯಾರೋ ಅಜ್ಜಿ, “ಜೂಲಿ, ಅದೇನು ಹುಂಜವಾ?” ಎಂದರಂತೆ. ಇನ್ನೊಮ್ಮೆ ಕೇಳಿಸಿದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಸರ್ ಗ್ರಾಂಟ್ ಎಚ್ಚರಿಸಿದ.

ಪಕ್ಕದ ಮನೆಯ ಪ್ರಿಮೋ ಕಾಳಗದ ಹುಂಜ ಸಾಕುವವನು. ಹನ್ನೊಂದಿದ್ದವು. ಅವಳು “ಮನೋಂಗ್, ಅಣ್ಣ” ಎಂದು ಕೈಮುಗಿದರೆ ಹಾರಾಡಿದ.

“ನಿನ್ನ ಸಾಹೇಬನಿಗೆ ನನ್ನ ಹುಂಜದ ದನಿ ಆಗಲ್ವಂತಾ? ಅವನೇನು ಮೊಟ್ಟೆ ತಿನ್ನಲ್ವಾ?”

“ಹುಂಜ ಮೊಟ್ಟೆ ಇಡಲ್ಲ ಪ್ರಿಮೋ,” ಅಂದೆ ನಾನು.

“ಪಾಠ ಹೇಳೋದು ಬಿಟ್ಟು ನಿಮಗೇನೂ ಬರಲ್ಲ ಮೇಡಂ!”

ಮರುದಿನ ಹನ್ನೊಂದನ್ನೂ ಬುಟ್ಟಿಗಳಲ್ಲಿ ತುಂಬಿ, ಹೊಳೆಯಾಚೆ ಭಾವಮೈದುನನ ಮನೆಗೆ ಸಾಗಿಸಿದ. ದಿನಕ್ಕೆರಡು ಸಲ ಸೈಕಲ್ ತುಳಿದು ಹೋಗಿ ಕಾಳು ಹಾಕಿ ಬರುತ್ತಿದ್ದ. ಮೂರು ವರ್ಷ.

ಓಣಿಯೂ ಕಲಿಯಿತು. ಟ್ರೈಸಿಕಲ್‌ನವರು ತಿರುವಿನಲ್ಲೇ ಇಂಜಿನ್ ಆರಿಸಿ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಮೀನಿನವಳು ಕೂಗುವ ಬದಲು ಮೀನನ್ನು ಬಾಲ ಹಿಡಿದೆತ್ತಿ ತೋರಿಸುತ್ತಿದ್ದಳು. ಬಿಯಾ ಮಾತು ಕಲಿತದ್ದೇ ಪಿಸುದನಿಯಲ್ಲಿ.

ಜೋನಲಿನ್ ಗಿರಾಕಿಗಳನ್ನು ಮೊದಲು ಕೇಳುತ್ತಿದ್ದದ್ದು “ಊಟ ಆಯ್ತಾ?” ಅಂತ. ನಾವೆಲ್ಲ ಕೇಳುವ ಹಾಗೆಯೇ. ಅಲ್ಲಿನ ಒಂಟಿ ಮುದುಕರನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲವೇನೋ. ಕುರ್ಚಿ ಕೆಡದಿದ್ದರೂ ಫೋನು ಮಾಡುತ್ತಿದ್ದರು. ಒಂದಿದ್ದ ಅಂಗಡಿ ಮೂರಾಯಿತು. ಸರ್ ಗ್ರಾಂಟ್ ತನ್ನೂರಿನ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಭಾಷಣ ಮಾಡಿದ: ದೂರದ ಸಹಾಯಕಿ ಎಷ್ಟು ಅನುಕೂಲ, ಅವಳಿಗೆ ಜಾಗ ಬೇಡ, ಮೇಜು ಬೇಡ, ಕುರ್ಚಿಯೂ ಬೇಡ. ಬರೆದುಕೊಟ್ಟವಳು ಜೋನಲಿನ್ನೇ.

“ಕುರ್ಚಿ ಬೇಡ ಅಂತ ಬರೆದಿದ್ದೀಯಲ್ಲ, ನೀನು ಕೂತಿರೋದು ಯಾವುದರ ಮೇಲೆ?”

“ನಿಮ್ಮನೆ ಕುರ್ಚಿ ಮೇಲೆ ಮೇಡಂ,” ಎಂದು ನಕ್ಕಳು. ನಿಜ, ನನ್ನದೇ.

ಸರ್ ಗ್ರಾಂಟ್ ಕೆಟ್ಟವನೆಂದು ನಾನು ಹೇಳಲಾರೆ. ಬಿರುಗಾಳಿಗೆ ಅವಳ ಸೂರು ಹಾರಿದಾಗ ಹೊಸ ತಗಡು ಹೊದಿಸಲು ದುಡ್ಡು ಕಳಿಸಿದ. ಆಮೇಲೊಂದು ದಿನ, “ನಿನಗೆ ಜ್ವರ ಬಂದರೆ ಅಂಗಡಿ ನಿಲ್ಲಬಾರದಲ್ಲ, ಮಾಡುವುದನ್ನೆಲ್ಲ ಬರೆದಿಡು” ಎಂದ. ಅವಳು ಭಾನುವಾರ ಚರ್ಚಿನಿಂದ ಬಂದು ಬರೆಯಲು ಕೂರುತ್ತಿದ್ದಳು. ಯಾರಿಗೆ ಕಿವಿ ಮಂದ, ಯಾರ ಹೆಂಡತಿ ತೀರಿಕೊಂಡಿದ್ದಾಳೆ, ಅವರೊಡನೆ ಮಾತು ಹೇಗೆ ಶುರುಮಾಡಬೇಕು, ಊಟದ ಮಾತು ಯಾವಾಗ ಎತ್ತಬೇಕು. ನೂರೆಂಬತ್ತು ಪುಟ. ಅಕ್ಷರದ ತಪ್ಪು ತಿದ್ದಿದವಳು ನಾನು.

“ಇಷ್ಟೆಲ್ಲ ಕೊಡಬೇಕಾ ಇಂದಾಯ್, ಮಗಳೇ?”

“ಅವರು ಸೂರು ಕೊಟ್ರಲ್ಲ ಮೇಡಂ.”

ಉಪಕಾರ ಮರೆಯಬಾರದು ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನೇ. ತಿದ್ದಲು ಮುಂದಿನ ಪುಟ ಎತ್ತಿಕೊಂಡೆ.

ಆ ನೂರೆಂಬತ್ತು ಪುಟವನ್ನು ಸರ್ ಗ್ರಾಂಟ್ ಕಂಪ್ಯೂಟರಿಗೆ ಉಣಿಸಿದ. ಇನ್ನು ಫೋನನ್ನು ಕಂಪ್ಯೂಟರೇ ಎತ್ತುತ್ತದಂತೆ. ಅದರ ಹೆಸರೂ ಜೂಲಿ. ಅದೂ “ಊಟ ಆಯ್ತಾ?” ಎಂದು ಕೇಳುತ್ತದಂತೆ. ಜೋನಲಿನ್‌ಗೆ ಶುಕ್ರವಾರ ಕೊನೆಯ ದಿನ. ಹತ್ತು ಗಂಟೆಗೆ ಸರ್ ಫೋನಿನಲ್ಲಿ ಧನ್ಯವಾದ ಹೇಳುವವನಿದ್ದ.

ಶುಕ್ರವಾರ ಬೆಳಿಗ್ಗೆ ಪ್ರಿಮೋ ಹುಂಜಗಳನ್ನೆಲ್ಲ ಹೊತ್ತು ತಂದ. ಅವಳ ಕಿಟಕಿಯ ಕೆಳಗೆ ಸಾಲಾಗಿ ಕಟ್ಟಿದ.

“ಇವತ್ತು ಕೇಳ್ಲಿ. ಇಷ್ಟು ಜನ ಬಾಯಿ ಕಟ್ಕೊಂಡು ಅವನ ಅಂಗಡಿ ನಡೆಸಿದ್ವಿ ಅಂತ ಅವನಿಗೂ ಗೊತ್ತಾಗ್ಲಿ.”

ಟ್ರೈಸಿಕಲ್‌ಗಳು ಬಂದು ನಿಂತವು. ಮೀನಿನವಳು ಬಂದಳು. ಹತ್ತು ಗಂಟೆಗೆ ಜೋನಲಿನ್ ಎದ್ದು ಕಿಟಕಿ ತೆರೆದಳು, ಫ್ಯಾನು ಹಾಕಿದಳು. ಪ್ರಿಮೋ ಒಂದನ್ನು ತಿವಿದ. ಒಂದು ಕೂಗಿದ್ದೇ ತಡ, ಹನ್ನೊಂದೂ ಕೂಗಿದವು. ಹಾರನ್ನುಗಳು ಅರಚಿದವು. ಮೀನಿನವಳು ಮೂರು ವರ್ಷದ ಕೂಗನ್ನೆಲ್ಲ ಒಟ್ಟಿಗೆ ಕೂಗಿದಳು. ಕೋಣೆಯೊಳಗೆ ಜೋನಲಿನ್ ಪಕ್ಕದಲ್ಲಿ ನಿಂತು ನಾನೂ ತಟ್ಟೆ ಬಡಿದೆ, ಈ ಎಪ್ಪತ್ತೆರಡರಲ್ಲಿ.

“ಸರ್, ಕೇಳಿಸ್ತಿದೆಯಾ?” ಜೋನಲಿನ್ ಮೈಕಿಗೆ ಬಾಗಿ ಕೇಳಿದಳು.

“ನಿನ್ನ ದನಿಯಾ? ಚೆನ್ನಾಗಿ ಕೇಳಿಸ್ತಿದೆ ಜೂಲಿ.”

“ನನ್ನದಲ್ಲ ಸರ್. ಹುಂಜಗಳು. ನಮ್ಮ ಓಣಿ.”

“ಹುಂಜವಾ? ಏನೂ ಇಲ್ವಲ್ಲ. ಹೋದ ತಿಂಗಳು ಹೊಸ ಪ್ರೋಗ್ರಾಂ ಹಾಕಿಸಿದೆ. ಮಾತಾಡೋರ ದನಿ ಒಂದು ಬಿಟ್ಟು ಬೇರೆ ಯಾವ ಸದ್ದನ್ನೂ ಈ ಕಡೆ ಬಿಡಲ್ಲ ಅದು. ಎಷ್ಟು ಶಾಂತವಾದ ಊರು ನಿನ್ನದು! ಅದೃಷ್ಟವಂತೆ ನೀನು.”

“ನನ್ನ ಹೆಸರು ಜೋನಲಿನ್, ಸರ್,” ಅಂದಳು.

ಅಷ್ಟು ಹೊತ್ತಿಗೆ ಅವನು ಫೋನು ಇಟ್ಟಾಗಿತ್ತು.

ಪ್ರಿಮೋ ಬೆವರು ಒರೆಸಿಕೊಳ್ಳುತ್ತ ಕಿಟಕಿಗೆ ತಲೆ ಹಾಕಿದ. “ಏನಂದ? ಕೇಳಿಸ್ತಾ ಅವನಿಗೆ?”

ಅವಳು ಅವನ ಮುಖವನ್ನೇ ನೋಡಿದಳು. “ಕೇಳಿಸ್ತು ಮನೋಂಗ್,” ಅಂದಳು. “ಮಾತೇ ಹೊರಡಲಿಲ್ಲ ಅವನಿಗೆ.”

“ಕೇಳಿಸ್ತಂತೆ!” ಎಂದು ಪ್ರಿಮೋ ಓಣಿಗೆಲ್ಲ ಸಾರಿದ. ಜನ ಕೇಕೆ ಹಾಕಿದರು. ನಾನು ಅವಳ ಪಕ್ಕದಲ್ಲೇ ಇದ್ದೆ, ಸ್ಪೀಕರಿಗೆ ಕಿವಿಗೊಟ್ಟು ಎಲ್ಲವನ್ನೂ ಕೇಳಿದ್ದೆ. ತಟ್ಟೆಯನ್ನು ಇನ್ನೊಮ್ಮೆ ಬಡಿದೆ.

ಅವಳು ಬೀರು ತೆರೆದು ಹಾಂಗ್‌ಕಾಂಗಿನ ಕಾಗದಗಳನ್ನು ಹೊರಗಿಟ್ಟಳು. ಅಂಗಳದಲ್ಲಿ ಬಿಯಾ ಕತ್ತು ಚಾಚಿ, ಎದೆ ತುಂಬ ಉಸಿರೆಳೆದು, ಹುಂಜದ ಹಾಗೆ ಕೂಗುತ್ತಿದ್ದಳು. ಅವಳ ದನಿ ಅಷ್ಟು ದೊಡ್ಡದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.